ಬೇಡದ ಪ್ಲಗ್ ಪಾಯಿಂಟ್ ತೆಗೆಸುವ ಮುಂಚೆ

ಅಡುಗೆಮನೆ ಹೊಸದಾಗಿ ಮಾಡಿಸುವಾಗ ಸಿಂಕ್ ಒಂದು ಕಡೆಗೆ ಬರುತ್ತದೆ, ಸ್ಟೌ ಇನ್ನೊಂದು ಕಡೆಗೆ ಹೋಗುತ್ತದೆ. ಹಳೆಯ ಪ್ಲಗ್ ಪಾಯಿಂಟ್ ನಲ್ಲಿಯ ಪಕ್ಕದಲ್ಲೇ ಉಳಿದುಬಿಡುತ್ತದೆ. ನೀರು ಸಿಡಿಯುವ ಜಾಗದಲ್ಲಿ ಅದು ಇರಬಾರದು, ತೆಗೆಸಲೇಬೇಕು. ತೆಗೆಯುವ ರೀತಿಯೇ ನನ್ನ ಚಿಂತೆ. ಎಷ್ಟೋ ಮನೆಗಳಲ್ಲಿ ಸಾಕೆಟ್ ಬಿಚ್ಚಿ, ವೈರಿಗೆ ಟೇಪ್ ಸುತ್ತಿ, ಬಾಕ್ಸಿನೊಳಗೆ ತುರುಕಿ, ಮೇಲೆ ಸಿಮೆಂಟ್ ಮೆತ್ತಿ ಟೈಲ್ಸ್ ಅಂಟಿಸಿಬಿಡುತ್ತಾರೆ. ಒಳಗೆ 230 ವೋಲ್ಟ್ ಹಾಗೇ ಇರುತ್ತದೆ. ಮುಂದೆ ಯಾರೋ ಸ್ಟ್ಯಾಂಡ್ ಹಾಕಲು ಅಲ್ಲೇ ಡ್ರಿಲ್ ಮಾಡಿದರೆ ಗತಿಯೇನು?

ಸ್ವಿಚ್ ಆಫ್ ಮಾಡಿದರೆ ಸಾಕು ಅಂದುಕೊಳ್ಳಬೇಡಿ. ಸ್ವಿಚ್ಚಿನ ತನಕ ಫೇಸ್, ಅಂದರೆ ಕರೆಂಟ್ ತರುವ ವೈರ್, ಬಂದೇ ಇರುತ್ತದೆ. ಮೇನ್ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಏಕೆಂದರೆ ಮೇನ್ ಹೋದ ಕ್ಷಣವೇ ಅದು ಕೆಲಸ ಶುರು ಮಾಡುತ್ತದೆ. ಅಡುಗೆಮನೆಯ ಒಂದೆರಡು ಪಾಯಿಂಟಿಗೆ ಇನ್ವರ್ಟರ್ ಲೈನ್ ಕೊಟ್ಟಿರುವುದು ಮನೆಯವರಿಗೇ ಮರೆತಿರುತ್ತದೆ. ಟೆಸ್ಟರಿನ ದೀಪ ಹತ್ತಲಿಲ್ಲ ಅಂದ ಮಾತ್ರಕ್ಕೆ ಕರೆಂಟ್ ಇಲ್ಲ ಅಂತಲ್ಲ, ಟೆಸ್ಟರೇ ಕೆಟ್ಟಿರಬಹುದು. ಆಫ್ ಮಾಡುವ ಮುಂಚೆ ಕರೆಂಟ್ ಇರುವ ಪಾಯಿಂಟಿನಲ್ಲಿ ಅದನ್ನು ನೋಡಿಕೊಳ್ಳಿ. ವೋಲ್ಟ್ ಎಷ್ಟಿದೆ ಅಂತ ತೋರಿಸುವ ಮಲ್ಟಿಮೀಟರ್ ಆದರೆ ಇನ್ನೂ ಒಳ್ಳೆಯದು.

ಈಗ ಪ್ಲೇಟ್ ಬಿಚ್ಚಿ ಒಳಗೆ ನೋಡಿ. ಸಾಕೆಟ್ಟಿನ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ದಾರಿ) ಸ್ಕ್ರೂನಲ್ಲಿ ಒಂದೇ ಕಪ್ಪು ವೈರ್, ಅರ್ಥ್ (ಲೀಕ್ ಆದ ಕರೆಂಟನ್ನು ನೆಲಕ್ಕೆ ಒಯ್ಯುವ ದಾರಿ) ಸ್ಕ್ರೂನಲ್ಲಿ ಒಂದೇ ಹಸಿರು ವೈರ್, ಸ್ವಿಚ್ಚಿಗೆ ಒಂದೇ ಫೇಸ್ ಬಂದಿದ್ದರೆ ಲೈನ್ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಎರಡೆರಡು ವೈರ್ ಹೊಸೆದು ಹಾಕಿದ್ದರೆ ಅದು ಲೂಪ್. ಅಲ್ಲಿಂದ ಮುಂದೆ ಫ್ರಿಜ್ಜಿಗೋ ಮಿಕ್ಸಿಗೋ ಹೋಗಿದೆ ಅಂತ ಅರ್ಥ. ಬಣ್ಣವನ್ನೇ ನಂಬಬೇಡಿ. ಹಳೆಯ ಮನೆಗಳಲ್ಲಿ ಕೈಗೆ ಸಿಕ್ಕಿದ ಬಣ್ಣದ ವೈರ್ ಎಳೆದಿರುತ್ತಾರೆ.

ಲೂಪಿನಲ್ಲಿ ನನಗೆ ಜಾಸ್ತಿ ಭಯ ಹಸಿರು ವೈರಿನದು. ಫೇಸ್ ಕಡಿದರೆ ಮುಂದಿನ ಫ್ರಿಜ್ ನಿಲ್ಲುತ್ತದೆ, ತಕ್ಷಣ ಗೊತ್ತಾಗುತ್ತದೆ. ನ್ಯೂಟ್ರಲ್ ಕಡಿದರೂ ಫ್ರಿಜ್ ನಿಲ್ಲುತ್ತದೆ, ಆದರೆ ಆ ಸಾಕೆಟ್ಟಿನಲ್ಲಿ ಫೇಸ್ ಇದ್ದೇ ಇರುತ್ತದೆ. ಅರ್ಥ್ ಕಡಿದರೆ ಮಾತ್ರ ಏನೂ ಆಗುವುದಿಲ್ಲ. ಫ್ರಿಜ್ ಆರಾಮಾಗಿ ಓಡುತ್ತದೆ. ಮುಂದೊಂದು ದಿನ ಫ್ರಿಜ್ಜಿನೊಳಗೆ ಕರೆಂಟ್ ಲೀಕೇಜ್ ಆದಾಗ ಅದು ನೆಲಕ್ಕೆ ಹೋಗಲು ದಾರಿ ಇರುವುದಿಲ್ಲ, ಒದ್ದೆ ಕೈಯಲ್ಲಿ ಬಾಗಿಲು ಹಿಡಿದವರ ಮೈಮೂಲಕ ಹೋಗುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ ಕೂಡಲೇ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ ಅಂತ ನಾನು ಹೇಳುತ್ತಲೇ ಇರುವುದು ಇದಕ್ಕೇ.

ಲೈನ್ ಅಲ್ಲಿಗೇ ಮುಗಿಯುವುದಾದರೆ ಆ ಲೈನ್ ಎಲ್ಲಿಂದ ಬಂದಿದೆಯೋ ಆ ಬೋರ್ಡಿನಲ್ಲೇ ಮೂರೂ ವೈರ್ ಬಿಚ್ಚಿ, ಪೈಪಿನಿಂದ ಪೂರ್ತಿ ಎಳೆದು ತೆಗೆಯಬೇಕು. ಆಮೇಲೆ ಗೋಡೆ ಮುಚ್ಚಬಹುದು. ಲೂಪ್ ಇದ್ದರೆ ಬಾಕ್ಸ್ ಅಲ್ಲೇ ಉಳಿಯಬೇಕು. ಮೂರೂ ಜಾಯಿಂಟ್‌ಗಳನ್ನು ಸ್ಕ್ರೂ ಇರುವ ಕನೆಕ್ಟರಿನಲ್ಲಿ ಬಿಗಿಯಾಗಿ ಹಾಕಿ, ಮೇಲೆ ಡಮ್ಮಿ ಪ್ಲೇಟ್ (ಸ್ವಿಚ್, ಸಾಕೆಟ್ ಇಲ್ಲದ ಬರೀ ಮುಚ್ಚಳ) ಕೂರಿಸಬೇಕು. ಬರೀ ಟೇಪ್ ಬೇಡ. ಸಿಂಕಿಗೆ ತೀರಾ ಹತ್ತಿರವಿದ್ದರೆ ಲೈನನ್ನೇ ಬೇರೆ ಕಡೆಯಿಂದ ಎಳೆಸಿ. "ಪ್ಲೇಟ್ ಚೆನ್ನಾಗಿ ಕಾಣಲ್ಲ, ಟೈಲ್ಸ್ ಹಾಕಿಬಿಡಿ ಸರ್" ಅಂತ ಮನೆಯವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಜಾಯಿಂಟ್ ಇರುವ ಕಡೆ ಮುಂದೆಂದೂ ಕೈ ಹೋಗದ ಹಾಗೆ ಮಾಡಬಾರದು.

ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಟೈಲ್ಸ್ ಕೆಲಸದವರಿಗೆ ಬಿಡಬೇಡಿ. ಎಲೆಕ್ಟ್ರಿಷಿಯನ್ ಹೊರಡುವ ಮುಂಚೆ ಅಡುಗೆಮನೆಯ ಪ್ರತಿ ಸಾಕೆಟ್ಟಿನಲ್ಲೂ ಮಲ್ಟಿಮೀಟರ್ ಇಟ್ಟು ತೋರಿಸಲು ಹೇಳಿ: ಫೇಸ್-ನ್ಯೂಟ್ರಲ್ ನಡುವೆ ಎಷ್ಟು ವೋಲ್ಟ್ ಬರುತ್ತದೋ, ಫೇಸ್-ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು.