ಗೇರು ಗುಡ್ಡಕ್ಕೆ ಸುರಿದ ವಿಷ, ಊರಿಗೆ ಸಿಗದ ಲೆಕ್ಕ

ಆಕಾಶದಿಂದ ಕೀಟನಾಶಕ ಸಿಂಪಡಿಸುವುದಿದ್ದರೆ ಕನಿಷ್ಠ 24 ಗಂಟೆ ಮುಂಚೆ ಅಧಿಕಾರಿಗಳ ಮೂಲಕ ಜನರಿಗೆ ತಿಳಿಸಬೇಕು. ಸಿಂಪಡಿಸುವ ಜಾಗವನ್ನು ಗುರುತು ಮಾಡಬೇಕು. ಇಂತಿಷ್ಟು ಕಾಲ ಜನ, ಜಾನುವಾರು ಅಲ್ಲಿಗೆ ಹೋಗದಂತೆ ತಡೆಯಬೇಕು. ಇದು 1971ರ ಕೀಟನಾಶಕ ನಿಯಮಗಳಲ್ಲಿ 43ನೆಯದು. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಾಡತೊಡಗಿದ್ದು 1970ರ ದಶಕದ ಕೊನೆಯಲ್ಲಿ. ಅಂದರೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಅಲ್ಲಿ ಬೀಳುವ ಮೊದಲೇ ಕಾನೂನು ಇತ್ತು.

ಜನರಿಗೆ ತಿಳಿಸುವ ವಿಷಯದಲ್ಲಿ ಆ ಕಾನೂನು ಕೇಳಿದ್ದಾದರೂ ಎಷ್ಟು? ಒಂದು ದಿನದ ಮುನ್ಸೂಚನೆ, ಅಷ್ಟೇ. ಸುರಿಯುವ ರಾಸಾಯನಿಕ ಯಾವುದು, ಪ್ರಮಾಣ ಎಷ್ಟು, ಅದು ನೀರಿಗೆ ಸೇರಿದರೆ ಏನಾಗುತ್ತದೆ, ಮೈಯಲ್ಲಿ ಯಾವ ಲಕ್ಷಣ ಕಂಡರೆ ವೈದ್ಯರ ಬಳಿ ಓಡಬೇಕು ಎಂಬುದನ್ನು ಊರಿಗೆ ಹೇಳಬೇಕೆಂದು ಆ ನಿಯಮದಲ್ಲಿಲ್ಲ. ನನ್ನ ಪ್ರಕಾರ ಮುಂದಿನ ಅನಾಹುತದ ಅರ್ಧ ಬೇರು ಈ ಮೌನದಲ್ಲಿದೆ.

ಗೇರು ಗಿಡದ ಚಿಗುರು, ಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ವರ್ಷಕ್ಕೆ ಎರಡು ಮೂರು ಬಾರಿ ಎಂಡೋಸಲ್ಫಾನ್ ಬಿಡುತ್ತಿತ್ತು. ಹೀಗೆ ಎರಡು ದಶಕಗಳಿಗೂ ಹೆಚ್ಚು ಕಾಲ, 4,500ಕ್ಕೂ ಹೆಚ್ಚು ಹೆಕ್ಟೇರ್ ಮೇಲೆ. ಇತ್ತ ದಕ್ಷಿಣ ಕನ್ನಡದಲ್ಲಿ ಅದೇ ಕೆಲಸವನ್ನು ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಮಾಡಿತು. ಅದರ ತೋಟಗಳಿರುವುದು ಅರಣ್ಯ ಇಲಾಖೆಯಿಂದ ಪಡೆದ ಜಮೀನಿನಲ್ಲಿ. ಎರಡೂ ಸರ್ಕಾರಿ ನಿಗಮಗಳು, ಜನರಿಗೆ ಉತ್ತರ ಕೊಡಬೇಕಾದವು.

ಈ ಸೀಮೆಯನ್ನು ನೋಡಿದವರಿಗೆ ಗೊತ್ತು: ತೋಟ ಗುಡ್ಡದ ಮೇಲೆ, ಮನೆಗಳು ಕೆಳಗಿನ ತಗ್ಗಿನಲ್ಲಿ. ಕುಡಿಯುವ ನೀರು ಬರುವುದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಂದ, ತೆರೆದ ಬಾವಿ, ತೋಡುಗಳಿಂದ. ಬಾವಿಗೆ ಹೇಗಾದರೂ ಹೊದಿಕೆ ಹಾಕಬಹುದು. ಹರಿಯುವ ತೋಡಿಗೆ ಹಾಕುವುದು ಹೇಗೆ? ಏರಿಳಿತದ ಗುಡ್ಡದಲ್ಲಿ ಹೆಲಿಕಾಪ್ಟರ್ ಮರದ ತುದಿಗೆ ಸಮೀಪ, ಒಂದೇ ಎತ್ತರದಲ್ಲಿ ಹಾರಲು ಆಗದು. ಮೇಲೆ ಹೋದಷ್ಟೂ ಗಾಳಿ ವಿಷವನ್ನು ದೂರ ಒಯ್ಯುತ್ತದೆ.

ಮೊದಲು ಅನುಮಾನಪಟ್ಟವರು ಅಲ್ಲಿನವರೇ. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ಕರುಗಳು ಸೊಟ್ಟ ಕಾಲಿನೊಂದಿಗೆ ಹುಟ್ಟುತ್ತಿರುವುದನ್ನು ಕೃಷಿಕ, ಪತ್ರಕರ್ತ ಶ್ರೀಪಡ್ರೆ ಬಹಳ ಹಿಂದೆಯೇ ಬರೆದಿದ್ದರು. ವಾಣೀನಗರದಲ್ಲಿ ಚಿಕಿತ್ಸೆ ನೀಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಒಂದೇ ಸಣ್ಣ ಪ್ರದೇಶದಲ್ಲಿ ಬುದ್ಧಿಮಾಂದ್ಯ ಮಕ್ಕಳು, ಅಪಸ್ಮಾರ, ಕ್ಯಾನ್ಸರ್ ಹೀಗೆ ಗುಂಪುಗೂಡಿದ್ದನ್ನು ಗಮನಿಸಿ ವರ್ಷಗಟ್ಟಲೆ ಕಾರಣ ಹುಡುಕಿದರು. ಆಕಾಶದಿಂದ ಏನು ಬೀಳುತ್ತಿದೆ, ಅದರಿಂದ ಏನೇನಾಗಬಹುದು ಎಂಬ ಮಾಹಿತಿ ಆ ಊರಿನ ವೈದ್ಯರ ಮೇಜಿನ ಮೇಲೆ ಮೊದಲ ವರ್ಷವೇ ಇದ್ದಿದ್ದರೆ? ಈ ಇತಿಹಾಸ ಓದುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಇದು.

ಪೆರಿಯದ ಕೃಷಿ ಇಲಾಖೆ ನೌಕರೆ ಲೀಲಾಕುಮಾರಿ ಅಮ್ಮ 1998ರಲ್ಲಿ ಕಾಸರಗೋಡು ಜಿಲ್ಲೆಯ ಹೊಸದುರ್ಗ ಮುನ್ಸಿಫ್ ಕೋರ್ಟಿಗೆ ಹೋದರು. ಸಿಂಪಡಣೆಗೆ ತಡೆ ಸಿಕ್ಕಿತು. 2000ದಲ್ಲಿ ಅದು ಖಾಯಂ ಆಯಿತು. ದೊಡ್ಡ ಸಮಿತಿಗಳು ಹುಟ್ಟುವ ಮೊದಲೇ ಒಂದು ಕೆಳ ನ್ಯಾಯಾಲಯ ಇಷ್ಟು ಮಾಡಿತು ಎನ್ನುವುದನ್ನು ಮರೆಯಬಾರದು.

ಆಮೇಲೆ ಶುರುವಾಗಿದ್ದು ಪುರಾವೆಯ ಜಗಳ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ಜನರ ರಕ್ತ, ನೀರು, ಮಣ್ಣನ್ನು ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಎಂದಿತು. ಪ್ಲಾಂಟೇಶನ್ ಕಾರ್ಪೊರೇಶನ್ ಬೇರೊಂದು ಸಂಸ್ಥೆಯಿಂದ ಮಾಡಿಸಿದ ಪರೀಕ್ಷೆ ರಕ್ತ, ನೀರಿನಲ್ಲಿ ಅದು ಇಲ್ಲ ಎಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಶಾಲಾ ಮಕ್ಕಳನ್ನು ದೂರದ ಮೀಂಜ ಪಂಚಾಯಿತಿಯ ಮಕ್ಕಳೊಂದಿಗೆ ಹೋಲಿಸಿತು. ಕೊನೆಯ ಸಿಂಪಡಣೆಯಾಗಿ ಸುಮಾರು ಹತ್ತು ತಿಂಗಳು ಕಳೆದಿದ್ದರೂ ಪಡ್ರೆಯ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು. ಹುಡುಗರ ಲೈಂಗಿಕ ಬೆಳವಣಿಗೆ ತಡವಾಗಿರುವುದೂ ಕಂಡಿತು. ಆದರೆ ಕೇಂದ್ರ ಸರ್ಕಾರ ನೇಮಿಸಿದ ದುಬೆ ಸಮಿತಿ ಕಾಯಿಲೆಗೂ ಕೀಟನಾಶಕಕ್ಕೂ ನಂಟು ಕಾಣುತ್ತಿಲ್ಲವೆಂದು ಹೇಳಿತು.

ನಂಟು ತೋರಿಸಬೇಕಾದರೆ ಬೇಕಾದ್ದು ಏನು? ಯಾವ ದಿನ, ಯಾವ ಗುಡ್ಡಕ್ಕೆ, ಎಷ್ಟು ಲೀಟರ್, ಗಾಳಿ ಎತ್ತ ಬೀಸುತ್ತಿತ್ತು, ವಾರದ ನಂತರ ತೋಡಿನ ನೀರಿನಲ್ಲಿ ಎಷ್ಟಿತ್ತು. ಇದನ್ನೆಲ್ಲ ಬರೆದಿಡಬಹುದಾಗಿದ್ದವರು ಸಿಂಪಡಿಸಿದವರೇ ಹೊರತು ಬೀಡಿ ಕಟ್ಟುವ, ಕೂಲಿಗೆ ಹೋಗುವ ತಾಯಂದಿರಲ್ಲ. ಆದರೂ ರುಜುವಾತಿನ ಭಾರ ಬಿದ್ದದ್ದು ಆ ತಾಯಂದಿರ ತಲೆಯ ಮೇಲೆ. ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ, ಹೆಲಿಕಾಪ್ಟರ್ ನಿಂತ ಐದು ವರ್ಷಕ್ಕೆ. ಅರ್ಜಿ ಹಾಕಿದರೆ ಇರುವ ಕಾಗದ ಸಿಗುತ್ತದೆ. ಅಳೆಯದೇ ಬಿಟ್ಟದ್ದನ್ನು ಯಾವ ಅರ್ಜಿಯೂ ಹೊರಗೆ ತರಲಾರದು.

ಉಳಿದದ್ದು ಬಹುಮಂದಿಗೆ ಗೊತ್ತಿರುವ ಕಥೆ. 2011ರ ಏಪ್ರಿಲ್‌ನಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ನೀಡಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳಕ್ಕೆ ಆದೇಶಿಸಿತು. ದಕ್ಷಿಣ ಕನ್ನಡದ ಕೊಕ್ಕಡ, ನಿಡ್ಲೆ, ಪಟ್ರಮೆ ಕಡೆಯ ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ನೋಡಿಕೊಳ್ಳುವವರು ಮುದುಕರಾಗಿದ್ದಾರೆ.

ಲೆಕ್ಕದ ಪ್ರಶ್ನೆ ಮಾತ್ರ ಇನ್ನೂ ಜೀವಂತ. ಗಡಿಯಂಚಿನ ಮಿಂಚಿನಪದವಿನ ಗೇರು ತೋಟದಲ್ಲಿ ಉಳಿಕೆ ಎಂಡೋಸಲ್ಫಾನನ್ನು ಪಾಳು ಬಾವಿಗೆ ಸುರಿದಿದ್ದಾರೆಂಬ ಆರೋಪ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿದೆ. ಈಗ ಡ್ರೋನ್‌ಗಳೂ ಬಂದಿವೆ, ಮೊದಲಿಗಿಂತ ಅಗ್ಗವಾಗಿ, ಹೆಚ್ಚು ಸಲೀಸಾಗಿ. ಹಾಗಾಗಿ ಕೇಳಬೇಕಾದ್ದು ಇಷ್ಟು: ಸಿಂಪಡಿಸುವ ರಾಸಾಯನಿಕದ ಹೆಸರು, ಪ್ರಮಾಣ, ದಿನ, ಜಾಗ ನಮಗೆ ತಿಳಿಯುವ ಕನ್ನಡದಲ್ಲಿ ಪಂಚಾಯಿತಿ ಕಚೇರಿಯ ಫಲಕದಲ್ಲಿ ಇರಲಿ. ಅದರ ಒಂದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೋಗಲಿ. ಸಿಂಪಡಣೆ ಮುಗಿದ ಮೇಲೆ ಮಾಡಿದ ನೀರಿನ ಪರೀಕ್ಷೆಯ ವರದಿಯನ್ನೂ, ಡಬ್ಬಗಳಲ್ಲಿ ಉಳಿದದ್ದು ಎಷ್ಟು, ಎಲ್ಲಿಗೆ ಹೋಯಿತು ಎಂಬ ವಿವರವನ್ನೂ ಯಾರೂ ಅರ್ಜಿ ಹಾಕುವ ಮೊದಲೇ ಅಲ್ಲಿ ಅಂಟಿಸಲಿ.