ಒಗರಿದ್ದರೆ ಆಯಸ್ಸು

ವೈನ್ ಹಳೆಯದಾದಷ್ಟೂ ಚೆನ್ನ ಅನ್ನೋ ಮಾತು ಎಲ್ಲರ ಬಾಯಲ್ಲೂ ಇದೆ. ಅದು ತಪ್ಪು. ಹೆಚ್ಚಿನ ಕೆಂಪು ವೈನ್‌ಗಳು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಲೆಂದೇ ತಯಾರಾದವು. ಅಂಥದ್ದನ್ನು ಹದಿನೈದು ವರ್ಷ ಸುಮ್ನೆ ಮುಚ್ಚಿಟ್ಟರೆ ಹಣ್ಣಿನ ಪರಿಮಳ ಹೋಗಿ ಸಪ್ಪೆ ಹುಳಿನೀರು ಉಳಿಯುತ್ತದೆ. ಹಾಗಾದರೆ ಬಾಳುವುದು ಯಾವುದು? ವೈನರಿಯಲ್ಲಿ ಗ್ಲಾಸುಗಳನ್ನು ಸಾಲಾಗಿ ಇಟ್ಟಾಗ ನಾನು ಮೊದಲು ಹುಡುಕುವುದು ಒಗರನ್ನು.

ಒಂದು ಗುಟುಕನ್ನು ಬಾಯಿ ತುಂಬ ಆಡಿಸಿ ಉಗುಳಿ. ಈಗ ನಾಲಿಗೆಯನ್ನು ಅಂಗುಳಕ್ಕೆ ಉಜ್ಜಿ ನೋಡಿ. ಇಟಲಿಯ ಕೆಂಪು ದ್ರಾಕ್ಷಿ ನೆಬ್ಬಿಯೋಲೊದ ಎಳೆಯ ವೈನ್ ಆದರೆ ನಾಲಿಗೆ ಜಾರುವುದೇ ಇಲ್ಲ, ತುಟಿ ಒಸಡಿಗೆ ಅಂಟಿಕೊಳ್ಳುತ್ತದೆ. ಇದು ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬಂದ ಟ್ಯಾನಿನ್‌ನ ಕೆಲಸ. ಬಾಯನ್ನು ನುಣುಪಾಗಿಡುವ ಪ್ರೋಟೀನ್‌ಗಳು ಜೊಲ್ಲಿನಲ್ಲಿವೆ. ಟ್ಯಾನಿನ್ ಅವನ್ನು ಹಿಡಿದು ಗಂಟು ಕಟ್ಟಿಬಿಡುತ್ತದೆ. ಬಾಗಿಲ ಕೀಲಿನ ಎಣ್ಣೆ ಒರೆಸಿದರೆ ಕಿರುಗುಟ್ಟುತ್ತದಲ್ವಾ, ಹಾಗೆ. ಜಾಸ್ತಿ ಹೊತ್ತು ಕುದಿಸಿದ ಚಹಾ ಬಾಯಿ ಒಣಗಿಸುವುದೂ ಹೀಗೇ. ಮರದ ತೊಗಟೆಯಿಂದ ತೊಗಲು ಹದ ಮಾಡುವಾಗಲೂ ಇದೇ ಆಟ: ತೊಗಟೆಯ ಟ್ಯಾನಿನ್ ತೊಗಲಿನ ಪ್ರೋಟೀನನ್ನು ಬಿಗಿಹಿಡಿಯುತ್ತದೆ. ಒಗರನ್ನು ನಾವು ರುಚಿಗಳ ಸಾಲಿಗೆ ಸೇರಿಸಿದ್ದೇವೆ. ನಿಜಕ್ಕೂ ಅದು ಬಹುಮಟ್ಟಿಗೆ ಸ್ಪರ್ಶ.

ಬಾಟಲಿಯೊಳಗೆ ಇದೇ ಟ್ಯಾನಿನ್ ಕಾವಲು ನಿಲ್ಲುತ್ತದೆ. ಒಳಗೆ ಬಂದ ಆಮ್ಲಜನಕದ ಏಟು ತಿನ್ನುತ್ತದೆ. ಬಣ್ಣ ಕೊಡುವ ಆಂಥೋಸಯಾನಿನ್‌ಗಳ ಜೊತೆ ಬೆಸೆದುಕೊಳ್ಳುತ್ತದೆ. ಅದರ ಸರಪಳಿ ಒಂದು ಕಡೆ ಬೆಳೆದರೆ ಇನ್ನೊಂದು ಕಡೆ ತುಂಡಾಗುತ್ತದೆ, ಒಂದಿಷ್ಟು ಗಸಿಯಾಗಿ ತಳ ಸೇರುತ್ತದೆ. ವರ್ಷಗಳು ಕಳೆದಂತೆ ಒಗರು ಮೆತ್ತಗಾಗುತ್ತದೆ. ಗ್ಲಾಸನ್ನು ಬಿಳಿ ಹಾಳೆಯ ಮೇಲೆ ಓರೆ ಮಾಡಿ ಹಿಡಿಯಿರಿ. ಎಳೆಯ ವೈನಿನ ಅಂಚು ನೇರಳೆ, ಮಾಗಿದ್ದರದು ಇಟ್ಟಿಗೆ ಬಣ್ಣ.

ಇದರಲ್ಲಿ ಗಾಳಿಯ ಪಾತ್ರವನ್ನು ತೋರಿಸಿದವನು ಲೂಯಿ ಪ್ಯಾಶ್ಚರ್. ಫ್ರಾನ್ಸಿನ ವೈನ್‌ಗಳು ಕೆಡುತ್ತಿದ್ದಾಗ ಮೂರನೇ ನೆಪೋಲಿಯನ್ ಇವನ ಮೊರೆ ಹೋಗಿದ್ದ. ಪ್ಯಾಶ್ಚರ್ ಗಾಜಿನ ಕೊಳವೆಗಳಿಗೆ ವೈನ್ ತುಂಬಿ ಬಾಯಿ ಮುಚ್ಚಿದ. ಕೆಲವು ಭರ್ತಿ, ಕೆಲವುಗಳಲ್ಲಿ ಅರ್ಧ ಗಾಳಿ. ಗಾಳಿಯಿದ್ದ ಕೊಳವೆಗಳಲ್ಲಿ ಬಣ್ಣ ತಿರುಗಿತು, ತಳದಲ್ಲಿ ಗಸಿ ಕೂತಿತು. 1866ರಲ್ಲಿ ಅದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದ. ಎಷ್ಟು ಸರಳ, ಎಷ್ಟು ಚೆಂದದ ಪ್ರಯೋಗ!

ಒಗರೊಂದೇ ಸಾಲದು. ಹುಳಿಯೂ ಬೇಕು. ಹುಳಿಯನ್ನು ಅಳೆಯುವ ಅಂಕಿ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 3.8 ಇರುವ ವೈನಿಗಿಂತ 3.5 ಇರುವುದರಲ್ಲಿ ಸೂಕ್ಷ್ಮಜೀವಿಗಳಿಗೆ ಬದುಕು ಕಷ್ಟ, ವೈನ್ ಕೆಡದಂತೆ ಬೆರೆಸುವ ಸಲ್ಫೈಟಿನ ಕಾವಲೂ ಗಟ್ಟಿ. ಎಲ್ಲಕ್ಕಿಂತ ಮುಖ್ಯವಾಗಿ ಹಣ್ಣು ಬೇಕು. ಬರೀ ಒಗರಿದ್ದು ಹಣ್ಣೇ ಇಲ್ಲದ ವೈನನ್ನು "ಇಟ್ಟರೆ ಸರಿಹೋಗುತ್ತದೆ" ಎಂದು ಮಾರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಲ್ಲದ ಹಣ್ಣನ್ನು ಕಾಲ ತಂದುಕೊಡುವುದಿಲ್ಲ.

ಅನುಮಾನವಿದ್ದರೆ ಅರ್ಧ ಬಾಟಲಿ ಉಳಿಸಿ, ಮುಚ್ಚಿಟ್ಟು, ಮರುದಿನ ಮತ್ತೆ ರುಚಿ ನೋಡುತ್ತೇನೆ. ಇದು ಒರಟು ಪರೀಕ್ಷೆ, ಒಂದು ದಿನದ ಗಾಳಿ ಹತ್ತು ವರ್ಷಕ್ಕೆ ಸಮ ಅಲ್ಲ. ಆದರೂ ನಿನ್ನೆ ಒಗರಿನ ಹಿಂದೆ ಅಡಗಿದ್ದ ಚೆರಿಯ ವಾಸನೆ ಇವತ್ತು ಮೂಗಿಗೆ ಬಡಿದರೆ, ಆ ವೈನಿನ ಇನ್ನೊಂದು ಬಾಟಲಿಯನ್ನು 13 ಡಿಗ್ರಿಯ ಕತ್ತಲಲ್ಲಿ ಮಲಗಿಸಿಡುತ್ತೇನೆ.