ಅಪ್ರಾಪ್ತ: ಯಾವುದಕ್ಕೆ?

ಚುನಾವಣೆ ಘೋಷಣೆಯಾದ ಮಾರನೇ ವಾರ ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಜಗಲಿಯ ಬೆಂಚಿನ ಮೇಲೆ ಹಳೇ ಪಂಚೆಯಲ್ಲಿ ಸುತ್ತಿಟ್ಟ ಕೋವಿ. ಎಲೆಕ್ಷನ್ ಬಂತೆಂದರೆ ಬೆಳೆ ಕಾಯುವ ಕೋವಿಗಳೆಲ್ಲ ಸ್ಟೇಷನ್ ಸೇರಬೇಕು, ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿಕ್ಕಪ್ಪನಿಗೆ ಮಂಡಿ ನೋವು. ಮಗನನ್ನು ಕರೆದು, "ಬೈಕಲ್ಲಿ ಹೋಗಿ ಕೊಟ್ಟು ರಸೀದಿ ತಗೊಂಡು ಬಾ" ಅಂದರು. ಹುಡುಗನಿಗೆ 19. ನಾನು ಬೇಡ ಅಂದೆ.

"ಯಾಕೆ ಮಾರಾಯ, ಅವನೇನು ಅಪ್ರಾಪ್ತನಾ? ಈ ಸಲ ಓಟು ಹಾಕ್ತಾನೆ!"

ಈ ಮಾತನ್ನು ನಾನು ಕೇಳುತ್ತಿರುವುದು ಮೊದಲ ಸಲ ಅಲ್ಲ. ಪೇಪರಿನಲ್ಲಿ, ಫ್ಯಾಮಿಲಿ ಗ್ರೂಪಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಎಲ್ಲ ಕಡೆ ಒಂದೇ ಲೆಕ್ಕ. 18 ತುಂಬುವ ತನಕ ಅಪ್ರಾಪ್ತ. ತುಂಬಿದ ಬೆಳಿಗ್ಗೆಯಿಂದ ಎಲ್ಲದಕ್ಕೂ ಪ್ರಾಪ್ತ. ಓಟಿನ ಮಟ್ಟಿಗೆ ಈ ಲೆಕ್ಕ ಸರಿ. ಕೋವಿಯ ವಿಷಯದಲ್ಲಿ ಇದು ಅಪ್ಪನನ್ನೂ ಮಗನನ್ನೂ ಒಟ್ಟಿಗೆ ಕೇಸಿಗೆ ಸಿಕ್ಕಿಸುವ ತಪ್ಪು.

ತೊಂದರೆ ಇರುವುದು ಪದದಲ್ಲೇ. ‘ಅಪ್ರಾಪ್ತ’ ಅನ್ನುವುದು ಅರ್ಧ ಪದ. ಪ್ರಾಪ್ತ ಅಂದರೆ ಮುಟ್ಟಿದ, ತಲುಪಿದ, ಕೈಗೆ ಬಂದ. ಅಪ್ರಾಪ್ತ ಅಂದರೆ ಇನ್ನೂ ತಲುಪದ. ಎಲ್ಲಿಗೆ ತಲುಪದ? ಅದನ್ನು ಹೇಳುತ್ತಿದ್ದ ಉಳಿದರ್ಧ ದಾರಿಯಲ್ಲಿ ಉದುರಿಹೋಗಿದೆ. ಹಳೆಯ ಶಾಸ್ತ್ರಗ್ರಂಥಗಳಲ್ಲಿ ಇದರ ಪೂರ್ಣ ರೂಪ ‘ಅಪ್ರಾಪ್ತವ್ಯವಹಾರ’. ಅಂದರೆ ವ್ಯವಹಾರಕ್ಕೆ ಇನ್ನೂ ಬಾರದವನು. ಅಲ್ಲಿ ವ್ಯವಹಾರ ಅಂದರೆ ಅಂಗಡಿ ವ್ಯಾಪಾರ ಮಾತ್ರ ಅಲ್ಲ. ಸಾಲ ಪತ್ರ, ಕ್ರಯ, ಪಾಲು, ನ್ಯಾಯದ ಕಟ್ಟೆಯಲ್ಲಿ ನಿಲ್ಲುವ ಮಾತೆಲ್ಲ ಅದರಲ್ಲಿ ಸೇರಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಪ್ರಕಾರ ಹೆಣ್ಣು 12 ವರ್ಷಕ್ಕೆ, ಗಂಡು 16 ವರ್ಷಕ್ಕೆ ‘ಪ್ರಾಪ್ತವ್ಯವಹಾರ’. ನಮ್ಮದೇ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದ. ಕಷ್ಟ ಬಂದಾಗ ಒಬ್ಬನೇ ಮನೆಯ ಜಮೀನನ್ನು ಅಡವಿಡಬಹುದೇ ಎಂಬ ಪ್ರಶ್ನೆ ಅದರಲ್ಲಿ ಬರುತ್ತದೆ. ಮಕ್ಕಳು ಅಪ್ರಾಪ್ತವ್ಯವಹಾರರಾಗಿದ್ದು, ಒಪ್ಪಿಗೆ ಕೊಡುವ ಶಕ್ತಿ ಅವರಿಗೆ ಇಲ್ಲದಿದ್ದರೆ ಅಡವಿಡಬಹುದು ಅನ್ನುತ್ತಾನೆ. ಎಷ್ಟು ಖಚಿತವಾದ ಮಾತು ನೋಡಿ. ಹುಡುಗ ಚಿಕ್ಕವನು ಅಂತ ಸುಮ್ನೆ ಹೇಳಿ ಬಿಡುವುದಿಲ್ಲ. ಯಾವ ಕೆಲಸಕ್ಕೆ ಚಿಕ್ಕವನು ಅನ್ನುವುದು ಪದದ ಒಳಗೇ ಇದೆ.

ಕಾಲ ಕಳೆದಂತೆ ‘ವ್ಯವಹಾರ’ ಹೋಯಿತು, ‘ವಯಸ್ಕ’ ಬಂತು. ಅಪ್ರಾಪ್ತ ವಯಸ್ಕ. ಆಮೇಲೆ ಪತ್ರಿಕೆಯ ಶೀರ್ಷಿಕೆಯಲ್ಲಿ ಜಾಗ ಸಾಲದೆ ವಯಸ್ಕನೂ ಹೋದ. ಬರೀ ‘ಅಪ್ರಾಪ್ತ’ ಉಳಿಯಿತು. ಉಳಿದ ಅರ್ಧದ ಜಾಗದಲ್ಲಿ ಎಲ್ಲರೂ 18 ಎಂಬ ಅಂಕಿ ತುಂಬಿಕೊಂಡರು.

ಆ ಅಂಕಿ ಬಂದದ್ದು 1875ರ ಪ್ರಾಪ್ತ ವಯಸ್ಸಿನ ಕಾಯ್ದೆಯಿಂದ. ಅಲ್ಲಿ ಕೂಡ ಅದು ಒಂದೇ ಅಂಕಿ ಆಗಿರಲಿಲ್ಲ. ಕೋರ್ಟು ಪಾಲಕರನ್ನು ನೇಮಿಸಿದ ಮಕ್ಕಳಿಗೆ 21 ತುಂಬಬೇಕಿತ್ತು. 1999ರಲ್ಲಷ್ಟೇ ಅದು ಬದಲಾಯಿತು. ಮದುವೆಗೆ ಇವತ್ತೂ ಗಂಡಿಗೆ 21, ಹೆಣ್ಣಿಗೆ 18. ವಿಧಾನಸಭೆಗೆ ನಿಲ್ಲಲು 25, ವಿಧಾನ ಪರಿಷತ್ತಿಗೆ 30. ಚಿಕ್ಕಪ್ಪನ ಮಗ ಓಟಿಗೆ ಪ್ರಾಪ್ತ, ಮದುವೆಗೆ ಅಪ್ರಾಪ್ತ. ಒಂದೇ ಹುಡುಗ, ಒಂದೇ ದಿನ.

ಕೋವಿಗೆ ಎಷ್ಟು? 1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಮು ಹೇಳುವುದು 21. ಕಾಯ್ದೆ ಬಂದಾಗ ಇದ್ದದ್ದು 16, ಕೌಟಿಲ್ಯನ ಅಂಕಿಯೇ. 1983ರ ತಿದ್ದುಪಡಿ ಅದನ್ನು 21ಕ್ಕೆ ಏರಿಸಿತು. ಆರು ವರ್ಷ ಕಳೆದು, 1989ರಲ್ಲಿ, ಓಟಿನ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಅದೇ ದಶಕ, ಅದೇ ಸಂಸತ್ತು. ಒಂದು ಮೇಲೆ ಹೋಯಿತು, ಇನ್ನೊಂದು ಕೆಳಗೆ ಬಂತು. ಓಟು ಹಾಕುವವನಿಗೆ ಕೋವಿಯನ್ನೂ ಕೊಡಬಹುದು ಅನ್ನುವವರು ಇದನ್ನೊಮ್ಮೆ ಯೋಚಿಸಬೇಕು. ನಿನ್ನ ಅಭಿಪ್ರಾಯ ನಮಗೆ ಬೇಕು, ಆದರೆ ಕೋವಿ ಹಿಡಿಯಲು ಇನ್ನಷ್ಟು ಕಾಯಿ ಅಂತ ಕಾನೂನು ಒಬ್ಬನೇ ಹುಡುಗನಿಗೆ ಹೇಳುತ್ತಿದೆ. ಎರಡೂ ಸರಿಯಾದ ಮಾತೇ ಅಂತ ನನಗನಿಸುತ್ತದೆ.

ಇನ್ನು ‘ಕೊಡು’ ಅನ್ನುವ ಕ್ರಿಯಾಪದ. ಕನ್ನಡದಲ್ಲಿ ಇದು ಬಹಳ ಉದಾರವಾದ ಪದ. ಆಸ್ತಿ ಕೊಡುತ್ತೇವೆ, ಮಗಳನ್ನು ಕೊಡುತ್ತೇವೆ, ನೀರು ಕೊಡುತ್ತೇವೆ, ಒಂದು ನಿಮಿಷ ಹಿಡ್ಕೋ ಅಂತ ಚೀಲ ಕೊಡುತ್ತೇವೆ. ಹಾಗಾಗಿ "ನಾನೇನು ಕೋವಿ ಕೊಟ್ಟುಬಿಟ್ಟೆನಾ, ತಗೊಂಡು ಹೋಗು ಅಂದೆ ಅಷ್ಟೆ" ಎಂಬ ಮಾತು ಸಲೀಸಾಗಿ ಬರುತ್ತದೆ. 9ನೇ ಕಲಮು ಈ ಸಡಿಲವನ್ನು ಒಪ್ಪುವುದಿಲ್ಲ. 21 ತುಂಬದವನು ಕೋವಿಯನ್ನಾಗಲಿ ತೋಟೆಯನ್ನಾಗಲಿ ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. ಮೂರನ್ನೂ ಬೇರೆ ಬೇರೆಯಾಗಿ ಹೆಸರಿಸಿದೆ. ಚಿಕ್ಕಪ್ಪನ ಮಗ ಸ್ಟೇಷನ್ನಿಗೆ ಹೋಗಿದ್ದರೆ ಅದು ಮೂರನೆಯದು.

ಇದಕ್ಕೆ ಒಂದು ಜಾಣ ಉತ್ತರ ಇದೆ. ಲೈಸೆನ್ಸ್‌ದಾರ ಜೊತೆಗಿದ್ದರೆ ಅಥವಾ ಚೀಟಿ ಬರೆದುಕೊಟ್ಟರೆ, ರಿಪೇರಿಗೋ ಲೈಸೆನ್ಸ್ ನವೀಕರಣಕ್ಕೋ ಇನ್ನೊಬ್ಬ ಕೋವಿ ಒಯ್ಯಬಹುದು ಅಂತ 3ನೇ ಕಲಮಿನಲ್ಲಿ ಇದೆ. ಹೌದು, ಇದೆ. ಆದರೆ 9ನೇ ಕಲಮು ಶುರುವಾಗುವುದೇ, ಹಿಂದೆ ಏನೇ ಹೇಳಿದ್ದರೂ ಸರಿ, ಎಂಬ ಮಾತಿನಿಂದ. ಆ ಚೀಟಿ 30 ವರ್ಷದ ಅಳಿಯನಿಗೆ ನಡೆಯುತ್ತದೆ. 19ರ ಮಗನಿಗೆ ನಡೆಯುವುದಿಲ್ಲ.

‘ಇಟ್ಟುಕೊಳ್ಳುವುದು’ ಅಂದರೂ ಕೈಯಲ್ಲೇ ಹಿಡಿದಿರಬೇಕು ಅಂತಿಲ್ಲ. ವಸ್ತು ಬೇರೆ ಕಡೆ ಇದ್ದರೂ, ಗೊತ್ತಿದ್ದು ಹತೋಟಿಯಲ್ಲಿ ಇಟ್ಟುಕೊಂಡಿದ್ದರೆ ಅದೂ ಸ್ವಾಧೀನವೇ ಅಂತ 1972ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಪ್ಪ ಅಮ್ಮ ತಿಂಗಳುಗಟ್ಟಲೆ ಬೆಂಗಳೂರಿನಲ್ಲಿ ಮಗಳ ಬಾಣಂತನಕ್ಕೆ ಇರುತ್ತಾರೆ. ಕೋವಿಯ ಕಪಾಟಿನ ಬೀಗದ ಕೈ ಊರಲ್ಲಿರುವ 20ರ ಮಗನ ಜೇಬಿನಲ್ಲಿ. ಯಾರೂ ಏನೂ ಕೊಟ್ಟಿಲ್ಲ ಅಂತ ಮನೆಯವರು ನಂಬಿರುತ್ತಾರೆ. ಬೀಗದ ಕೈ ಕೊಟ್ಟಾಗಲೇ ಕೋವಿಯನ್ನೂ ಕೊಟ್ಟಂತಾಗಬಹುದು.

ಕೊಟ್ಟವನ ಪಾಡೇನು? 9ನೇ ಕಲಮಿನ ಎರಡನೇ ಭಾಗ ಇರುವುದೇ ಅವನಿಗಾಗಿ. ಎದುರಿನವನಿಗೆ ಕೋವಿ ನಿಷಿದ್ಧ ಅಂತ ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣ ಇದ್ದೂ, ಅವನಿಗೆ ಕೋವಿ ಮಾರುವಂತಿಲ್ಲ, ವರ್ಗಾಯಿಸುವಂತಿಲ್ಲ, ಅವನಿಗಾಗಿ ರಿಪೇರಿ ಕೂಡ ಮಾಡಿಕೊಡುವಂತಿಲ್ಲ. ಅಂಗಡಿಯವನಾದರೆ, ಹುಡುಗ ದೊಡ್ಡವನ ಹಾಗೆ ಕಂಡ ಸಾರ್ ಅನ್ನಬಹುದೇನೋ. ಅಪ್ಪ ಏನನ್ನುತ್ತಾನೆ? ಮಗ ಹುಟ್ಟಿದ ದಿನ, ಗಳಿಗೆ, ನಕ್ಷತ್ರ ಎಲ್ಲ ಅವನಿಗೆ ಬಾಯಿಪಾಠ. 2019ರ ನಂತರ 18 ತುಂಬದ ಮಗ ಬೈಕ್ ಓಡಿಸಿ ಅಪರಾಧ ಮಾಡಿದರೆ ಅಪ್ಪನಿಗೆ 25,000 ರೂಪಾಯಿ ದಂಡ ಅನ್ನುವುದು ಈಗ ಎಲ್ಲರಿಗೂ ಗೊತ್ತು. ಕೋವಿಯ ಮಾತು ಬಂದಾಗ ಮಾತ್ರ ಅದೇ ಜನ, ನಮ್ಮ ಮನೆ ಮಗನಲ್ವಾ, ಅನ್ನುತ್ತಾರೆ.

ಈ ಮನೆ ಮಗ ಅನ್ನುವ ವಿಚಾರಕ್ಕೆ ಅಮೆರಿಕದಿಂದ ಬರುವ ವೀಡಿಯೊಗಳೂ ಕಾರಣ. ಅಲ್ಲಿನ ಕೇಂದ್ರ ಕಾನೂನಿನಲ್ಲಿ ಅಪ್ಪ ಅಮ್ಮನಿಗೆ ನಿಜಕ್ಕೂ ಒಂದು ಜಾಗ ಇದೆ. 18 ತುಂಬದವರು ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ, ಆದರೆ ಹೆತ್ತವರ ಲಿಖಿತ ಒಪ್ಪಿಗೆ ಇದ್ದರೆ ಹೊಲದ ಕೆಲಸ, ಬೇಟೆ, ಗುರಿ ಅಭ್ಯಾಸಕ್ಕೆ ತಾತ್ಕಾಲಿಕವಾಗಿ ಹಿಡಿಯಬಹುದು. ರಾಜ್ಯಗಳ ಕಾನೂನು ಬೇರೆ. ನಮ್ಮ 9ನೇ ಕಲಮಿನಲ್ಲಿ ಹೆತ್ತವರ ಒಪ್ಪಿಗೆ ಎಂಬ ಮಾತೇ ಇಲ್ಲ. ಅಪ್ಪನೂ ಅಲ್ಲಿ ಇತರ ಯಾರಂತೆಯೋ ಹಾಗೇ ಒಬ್ಬ.

ಒಂದು ಬಾಗಿಲು ಮಾತ್ರ ತೆರೆದಿದೆ, ತರಬೇತಿಯದ್ದು. 12 ತುಂಬಿದ ಮಕ್ಕಳು ಹಿರಿಯರ ನೇರ ಉಸ್ತುವಾರಿಯಲ್ಲಿ ಗುರಿ ಅಭ್ಯಾಸ ಮಾಡಬಹುದು ಅನ್ನುತ್ತವೆ 2016ರ ಶಸ್ತ್ರಾಸ್ತ್ರ ನಿಯಮಗಳು. ಗಮನಿಸಿ, ಅಭ್ಯಾಸದ ಹೊತ್ತಿನಲ್ಲಿ ಬಳಸಬಹುದು ಅಂತ ಮಾತ್ರ. ಮನೆಗೆ ತಂದು ಮಂಚದ ಕೆಳಗೆ ಇಡಬಹುದು ಅಂತ ಅಲ್ಲ.

ಕೊಡಗಿನ ಮಾತು ಬಾರದೆ ಈ ಚರ್ಚೆ ಮುಗಿಯುವುದೇ ಇಲ್ಲ. ಕೊಡವ ಮಗು ಹುಟ್ಟುತ್ತಲೇ ಕೋವಿ ಹಕ್ಕು ಪಡೆಯುತ್ತದೆ ಅಂತ ಬರೆದದ್ದನ್ನು ಎಷ್ಟು ಸಲ ಓದಿದ್ದೇನೋ. ಗಂಡು ಮಗು ಹುಟ್ಟಿದಾಗ ಒಂದು ಗುಂಡು ಹಾರಿಸುವ ಪದ್ಧತಿ ಇದೆ, ನಿಜ. ಹಾರಿಸುವವರು ಮನೆಯ ಹಿರಿಯರು. ಮಗುವಿನ ಕೈಗೆ ಮುಟ್ಟಿಸುವುದು ಹರಳು ಗಿಡದ ಕಡ್ಡಿಯಲ್ಲಿ ಮಾಡಿದ ಪುಟ್ಟ ಬಿಲ್ಲು ಬಾಣ. ಕೈಲ್ ಪೊಳ್ದ್ ಹಬ್ಬದಲ್ಲಿ ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುವಾಗ ಮಕ್ಕಳು ಕೈ ಮುಗಿದು ನಿಲ್ಲುತ್ತಾರೆ. ತೋಕ್ ಅಂದರೆ ಕೋವಿ, ಪೂ ಅಂದರೆ ಹೂ. ಕಾನೂನಿನಲ್ಲಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವುದು ವಿನಾಯಿತಿ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಶುರುವಾಗಿ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿದದ್ದು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಯಾವುದರಿಂದ? ಲೈಸೆನ್ಸ್ ಪಡೆಯುವುದರಿಂದ. ಅಪ್ರಾಪ್ತಕ್ಕೆ ‘ಯಾವುದಕ್ಕೆ’ ಹೇಗೋ, ವಿನಾಯಿತಿಗೆ ‘ಯಾವುದರಿಂದ’ ಹಾಗೆ. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ವಯಸ್ಸೂ ಬೇಡ ಅಂತ ಆಗುವುದಿಲ್ಲ.

ವಯಸ್ಸು ಎಣಿಸುವುದರಲ್ಲೂ ನಮ್ಮ ಮಾತು ಜಾರುತ್ತದೆ. "ಇಪ್ಪತ್ತೊಂದಕ್ಕೆ ಬಿದ್ದ" ಅಂದರೆ 20 ತುಂಬಿ 21 ನಡೆಯುತ್ತಿದೆ ಅಂತ. "ಇಪ್ಪತ್ತೊಂದು ತುಂಬಿತು" ಅಂದರೆ ಅದಾಗಿ ಇನ್ನೂ ಒಂದು ವರ್ಷ. ಕಾನೂನಿನ ಮಾತು ತುಂಬುವುದು, ಬೀಳುವುದಲ್ಲ. ಅರ್ಜಿ ಹಾಕುವ ಅವಸರದಲ್ಲಿ ಎಷ್ಟೋ ಮನೆಗಳಲ್ಲಿ ಈ ಒಂದು ವರ್ಷ ಮರೆತುಹೋಗುತ್ತದೆ.

ಅವತ್ತು ಕೊನೆಗೆ ಆಟೋ ಕರೆಸಿದೆವು. ಚಿಕ್ಕಪ್ಪ ಕೋವಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತರು. ಮಗ ಅವರ ಲೈಸೆನ್ಸ್ ಪುಸ್ತಕದ ಚೀಲ ಹಿಡಿದು ಪಕ್ಕದಲ್ಲಿ. ಸ್ಟೇಷನ್ನಿನಲ್ಲಿ ನಂಬರ್ ನೋಡಿ ಬರೆದುಕೊಂಡು ರಸೀದಿ ಕೊಟ್ಟರು.

ವಾಪಸ್ ಬರುವಾಗ ಚಿಕ್ಕಪ್ಪ ಕೇಳಿದರು, "ಹಾಗಾದ್ರೆ ಇವನ ಹೆಸರಿಗೆ ಆಗೋದು ಯಾವಾಗ? ನಾನು ಸತ್ತ ಮೇಲೇನಾ?"

ಹಾಗೇನಿಲ್ಲ. ಲೈಸೆನ್ಸ್‌ದಾರನಿಗೆ 70 ತುಂಬಿದರೆ ಅಥವಾ ಕೋವಿ ಅವನ ಬಳಿ 25 ವರ್ಷ ಇದ್ದರೆ, ಯಾವುದು ಮೊದಲೋ ಆಗ, ಬದುಕಿರುವಾಗಲೇ ವಾರಸುದಾರನನ್ನು ಹೆಸರಿಸಬಹುದು. ಆದರೆ ವಾರಸುದಾರನಿಗೆ ಬರುವುದು ಅಪ್ಪನ ಲೈಸೆನ್ಸ್ ಅಲ್ಲ. ಅವನು ಬೇರೆ ಅರ್ಜಿ ಹಾಕಬೇಕು, ಅವನ ಬಗ್ಗೆ ಪೊಲೀಸ್ ವರದಿ ಬೇರೆಯೇ ಬರಬೇಕು. ಅಷ್ಟರೊಳಗೆ ಲೈಸೆನ್ಸ್‌ದಾರ ತೀರಿಕೊಂಡರೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಸ್ಟೇಷನ್ನಿನಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಒಪ್ಪಿಸಬೇಕು.

ಚಿಕ್ಕಪ್ಪ ಬೆರಳು ಮಡಚಿ ಎಣಿಸಿದರು. ಕೋವಿ ತಗೊಂಡು 27 ವರ್ಷ ಆಗಿತ್ತು. ಅವರ ಕಡೆಯದು ಸರಿಯಾಯಿತು. ಮಗನ ಕಡೆ ತಿರುಗಿ, "ನಿಂದು ಯಾವ ತಿಂಗಳೋ?" ಅಂದರು.

"ಕಾರ್ತಿಕ" ಅಂದ ಹುಡುಗ. "ಇನ್ನೂ ಒಂದು ವರ್ಷ ಎಂಟು ತಿಂಗಳು."